ಇಂದಿನ ಧಮ್ಮ ಚಿಂತನೆ: ಎರಡನೆಯ ಬಾಣ ಯಾರ ಮೈಗೆ?



ಧಮ್ಮ ಬಂಧುಗಳೇ, ನಿನ್ನೆ ಬಾಬಾಸಾಹೇಬರ ಮಹಾಪರಿನಿರ್ವಾಣ ದಿನ. ವಂದನೆ ಮುಗಿದ ಮೇಲೆ ನಮ್ಮ ಬಳಗದ ಕಿರಿಯ ಗೆಳೆಯರೊಬ್ಬರು ಒಂದು ಪ್ರಶ್ನೆ ಕೇಳಿದರು. "ನಾವು ಮೈತ್ರಿ, ಕರುಣೆ ಅನ್ನುತ್ತೇವೆ. ಸರಿ. ಆದರೆ ಹೇಳದೆ ಕೇಳದೆ ಬಂದು ಸಾವಿರಾರು ಜನರನ್ನು ಕೊಂದು ಹೋದವರ ಎದುರು ಒಂದು ದೇಶದ ನಾಯಕ ಏನು ಮಾಡಬೇಕು? ಕಣ್ಣು ಮುಚ್ಚಿ ಮೈತ್ರಿ ಭಾವನೆ ಮಾಡುತ್ತ ಕೂರಬೇಕೇ?" ಪ್ರಶ್ನೆಯಲ್ಲಿ ಸ್ವಲ್ಪ ಕೊಂಕು ಇತ್ತು, ಇರಲಿ. ಕೊಂಕಿಲ್ಲದ ಪ್ರಶ್ನೆಗಳಿಗೆ ನಾವು ಗಾಥೆ ಹೇಳಿ ಜಾರಿಕೊಳ್ಳುತ್ತೇವೆ.

ಇಂದು ಡಿಸೆಂಬರ್ 7. ಇದೇ ತಾರೀಖು 1941ರಲ್ಲಿ ಒಬ್ಬ ನಾಯಕನಿಗೆ ನಿಜವಾಗಿಯೇ ಈ ಪ್ರಶ್ನೆ ಎದುರಾಯಿತು. ಹಾಗಾಗಿ ಇಂದಿನ ಚಿಂತನೆಗೆ ಅವರನ್ನೇ ತೆಗೆದುಕೊಂಡಿದ್ದೇನೆ: ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್. ಸ್ವಲ್ಪ ಉದ್ದವಾಗುತ್ತದೆ, ಬಿಡುವು ಮಾಡಿಕೊಂಡು ಓದಿ.

ಅಂದು ಭಾನುವಾರ. ಪೆಸಿಫಿಕ್ ಸಾಗರದ ನಡುವೆ ಹವಾಯಿ ದ್ವೀಪಗಳಿವೆ. ಅಲ್ಲಿನ ಪರ್ಲ್ ಹಾರ್ಬರ್‌ನಲ್ಲಿ ಅಮೆರಿಕದ ನೌಕಾಪಡೆಯ ದೊಡ್ಡ ನೆಲೆ. ಬೆಳಿಗ್ಗೆ ಎಂಟು ಗಂಟೆಗೆ ಇನ್ನೂ ಕೆಲವು ನಿಮಿಷ ಬಾಕಿ ಇರುವಾಗ ಜಪಾನಿನ ಯುದ್ಧವಿಮಾನಗಳು ಬಂದವು. ಆರು ವಿಮಾನವಾಹಕ ಹಡಗುಗಳಿಂದ ಹೊರಟ ಸುಮಾರು 350 ವಿಮಾನಗಳು ಎರಡು ಅಲೆಗಳಾಗಿ ಬಾಂಬು ಸುರಿದು ಹೋದವು. ಸತ್ತ ಅಮೆರಿಕನ್ನರು 2,403. ಅವರಲ್ಲಿ 1,177 ಮಂದಿ ಅರಿಜೋನಾ ಎಂಬ ಒಂದೇ ಹಡಗಿನವರು. ಎರಡು ದೇಶಗಳ ನಡುವೆ ಮಾತುಕತೆ ಇನ್ನೂ ನಡೆಯುತ್ತಿತ್ತು. ಹಿಂದಿನ ದಿನ, ಡಿಸೆಂಬರ್ 6ರಂದು, ಶಾಂತಿ ಉಳಿಸೋಣ ಎಂದು ರೂಸ್‌ವೆಲ್ಟ್ ಸ್ವತಃ ಜಪಾನಿನ ಚಕ್ರವರ್ತಿಗೆ ಸಂದೇಶ ಕಳಿಸಿದ್ದರು. ಯುದ್ಧ ಘೋಷಣೆ ಆಗಿರಲಿಲ್ಲ, ಎಚ್ಚರಿಕೆಯೂ ಇರಲಿಲ್ಲ.

ರೂಸ್‌ವೆಲ್ಟ್ ಪೋಲಿಯೋ ಆಗಿ ಎರಡು ದಶಕಗಳಿಂದ ಕಾಲಿನ ಶಕ್ತಿ ಕಳೆದುಕೊಂಡಿದ್ದವರು. ಮೊದಲ ಮಹಾಯುದ್ಧದ ಕಾಲದಲ್ಲಿ ನೌಕಾಖಾತೆಯಲ್ಲಿ ಕೆಲಸ ಮಾಡಿದ್ದವರು, ಹಡಗುಗಳೆಂದರೆ ಅವರಿಗೆ ಜೀವ. ಸುದ್ದಿ ಬಂದ ಮೇಲೆ ಅವರು ಕೂಗಾಡಲಿಲ್ಲ, ಭಯ ಹುಟ್ಟಿಸುವಷ್ಟು ಶಾಂತವಾಗಿದ್ದರು ಎಂದು ಅವರ ಪತ್ನಿ ಎಲೀನರ್ ಮುಂದೆ ನೆನಪಿಸಿಕೊಂಡಿದ್ದಾರೆ. ಆ ಸಂಜೆ ಕಾರ್ಯದರ್ಶಿ ಗ್ರೇಸ್ ಟಲ್ಲಿಯವರನ್ನು ಕರೆದು ಮರುದಿನದ ಭಾಷಣ ಬರೆಸಿದರು. ಈ ದಿನ ಜಗತ್ತಿನ ಇತಿಹಾಸದಲ್ಲಿ ಉಳಿಯುತ್ತದೆ ಎಂಬ ಅರ್ಥ ಮೊದಲ ಕರಡಿನಲ್ಲಿತ್ತು. ಅವರು ಪೆನ್ಸಿಲ್ ಹಿಡಿದು 'ಜಗತ್ತಿನ ಇತಿಹಾಸ' ಎಂಬುದನ್ನು ಹೊಡೆದುಹಾಕಿ, ಅಪಕೀರ್ತಿ, ಕಳಂಕ ಎಂಬ ಅರ್ಥದ ಒಂದೇ ಪದ ಬರೆದರು. ಇತಿಹಾಸದಲ್ಲಿ ಎಲ್ಲವೂ ಉಳಿಯುತ್ತದೆ, ಪ್ರಳಯವೂ ಉಳಿಯುತ್ತದೆ. ಕಳಂಕ ಎಂದಾಗ ಇದನ್ನು ಮಾಡಿದವರು ಯಾರೋ ಇದ್ದಾರೆ, ಮಾಡಬಾರದ್ದನ್ನು ಮಾಡಿದ್ದಾರೆ ಎಂದು ಹೇಳಿದಂತಾಯಿತು.

ಮರುದಿನದ ಆ ಭಾಷಣ ಏಳು ನಿಮಿಷವೂ ಇಲ್ಲ. ದಾಳಿ ಹೇಗೆ ನಡೆಯಿತು, ಮಾತುಕತೆ ನಡೆಯುತ್ತಿದ್ದಾಗಲೇ ಅದನ್ನು ಹೇಗೆ ಯೋಜಿಸಿದ್ದರು ಎಂಬ ವಿವರ. ಆಮೇಲೆ ದಾಳಿಗೊಳಗಾದ ಜಾಗಗಳ ಹೆಸರು: ಮಲಯಾ, ಹಾಂಗ್‌ಕಾಂಗ್, ಗುವಾಮ್, ಫಿಲಿಪೈನ್ಸ್, ವೇಕ್, ಮಿಡ್‌ವೇ. ದೂಷಿಸಿದ್ದು ಜಪಾನಿನ ಸರ್ಕಾರವನ್ನು, ಅದರ ಸೇನೆಯನ್ನು. ಜಪಾನೀಯರ ಬಣ್ಣ, ರಕ್ತ, ದೇವರು ಯಾವುದನ್ನೂ ಎತ್ತಿಕೊಳ್ಳಲಿಲ್ಲ. ಇದನ್ನು ನಾನು ಸಮ್ಮಾ ವಾಚಾ ಎಂದೇ ಕರೆಯುತ್ತೇನೆ. ಸಮ್ಮಾ ವಾಚಾ ಎಂದರೆ ಮೆತ್ತಗೆ ಮಾತಾಡುವುದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆದ ಅನ್ಯಾಯಕ್ಕೆ ಸರಿಯಾದ ಹೆಸರಿಡುವುದೂ ಅದರೊಳಗೇ ಬರುತ್ತದೆ. ಮಹಾಡಿನ ಕೆರೆಯ ದಂಡೆಯಲ್ಲಿ ಬಾಬಾಸಾಹೇಬರು ಮೆತ್ತಗೆ ಮಾತಾಡಲಿಲ್ಲ.

ಆಮೇಲೆ ಮತದಾನ. ಸೆನೆಟ್‌ನಲ್ಲಿ ಯುದ್ಧದ ಪರ 82, ವಿರುದ್ಧ ಒಂದೂ ಇಲ್ಲ. ಕೆಳಮನೆಯಲ್ಲಿ ಪರ 388, ವಿರುದ್ಧ 1. ಆ ಒಂದು ಮತ ಮೊಂಟಾನಾ ರಾಜ್ಯದ ಜೆನೆಟ್ ರಾಂಕಿನ್ ಅವರದು. ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಮಹಿಳೆ. 1917ರಲ್ಲಿಯೂ ಯುದ್ಧದ ವಿರುದ್ಧ ಮತ ಹಾಕಿದ್ದರು, ಆಗ ಜೊತೆಗೆ ಇನ್ನೂ 49 ಮಂದಿ ಇದ್ದರು. ಈ ಸಲ ಯಾರೂ ಇಲ್ಲ. ಸಭೆಯಿಂದ ಹೊರಬಂದಾಗ ಸಿಟ್ಟಿಗೆದ್ದ ಜನರಿಂದ ತಪ್ಪಿಸಿಕೊಳ್ಳಲು ಟೆಲಿಫೋನ್ ಬೂತಿನೊಳಗೆ ಸೇರಿಕೊಂಡು, ಪೊಲೀಸರು ಬರುವವರೆಗೆ ಕಾಯಬೇಕಾಯಿತು.

'ಬುದ್ಧ ಮತ್ತು ಅವನ ಧಮ್ಮ' ಓದಿದವರಿಗೆ ಈ ಒಂಟಿ ಮತ ಕಂಡ ಕೂಡಲೇ ಶಾಕ್ಯರ ಸಂಘ ನೆನಪಾಗುತ್ತದೆ. ರೋಹಿಣಿ ನದಿಯ ನೀರಿಗಾಗಿ ಕೋಲಿಯರ ಮೇಲೆ ಯುದ್ಧ ಸಾರಬೇಕೆಂದು ಸೇನಾಪತಿ ಠರಾವು ಮಂಡಿಸಿದಾಗ ಸಿದ್ಧಾರ್ಥ ಎದ್ದು ನಿಂತು ಬೇಡ ಎಂದ. ನಮ್ಮ ಕಡೆಯಿಂದ ಇಬ್ಬರು, ಅವರ ಕಡೆಯಿಂದ ಇಬ್ಬರು, ಆ ನಾಲ್ವರು ಸೇರಿ ಆರಿಸಿದ ಐದನೆಯವರು ಕೂತು ವಿಚಾರಣೆ ಮಾಡಲಿ ಎಂದ. ಸಂಘ ಒಪ್ಪಲಿಲ್ಲ. ಸೋತ ಮೇಲೂ ಸೇನೆ ಸೇರಲು ಒಪ್ಪದೆ, ಅದರ ಬೆಲೆ ತಾನೇ ತೆತ್ತು ಮನೆ ಬಿಟ್ಟ. ಮುದುಕ, ರೋಗಿ, ಹೆಣ ನೋಡಿ ಮನೆ ಬಿಟ್ಟ ಎಂಬ ಕಥೆಯನ್ನು ಬಾಬಾಸಾಹೇಬರು ಒಪ್ಪಲಿಲ್ಲ, ಈ ಕಾರಣವನ್ನು ನಮಗೆ ಕೊಟ್ಟರು.

ಹಾಗಾದರೆ ರಾಂಕಿನ್ ಸರಿ, ರೂಸ್‌ವೆಲ್ಟ್ ತಪ್ಪು ಎನ್ನೋಣವೇ? ನಾನು ಹಾಗೆ ಹೇಳಲಾರೆ. ಆ ತಾಯಿಯ ಧೈರ್ಯಕ್ಕೆ ಕೈ ಮುಗಿಯುತ್ತೇನೆ, ಆದರೆ ಅವರ ಮತಕ್ಕೆ ನನ್ನ ಮತ ಸೇರಿಸಲಾರೆ. ರೋಹಿಣಿಯ ಜಗಳದಲ್ಲಿ ವಿಚಾರಣೆಗೆ ದಾರಿ ಇನ್ನೂ ತೆರೆದಿತ್ತು. ಪರ್ಲ್ ಹಾರ್ಬರ್‌ನಲ್ಲಿ ಮಾತುಕತೆಯ ನಡುವೆಯೇ ಬಾಂಬು ಬಿದ್ದಾಗಿತ್ತು. ಎದುರಿಗಿದ್ದದ್ದು 1937ರಿಂದ ಚೀನಾವನ್ನು ಸುಡುತ್ತಿದ್ದ, ನಾನ್‌ಜಿಂಗ್‌ನಲ್ಲಿ ಹೆಣಗಳ ರಾಶಿ ಹಾಕಿದ್ದ ಸೇನೆ. ವೈಶಾಲಿಯ ಸಿಂಹ ಸೇನಾಪತಿ ಭಗವಾನರ ಬಳಿ ಹೋಗಿ, ನಿಮ್ಮ ಧಮ್ಮ ನನ್ನಂಥವನಿಗೆ ಯುದ್ಧವನ್ನೇ ನಿಷೇಧಿಸುತ್ತದೆಯೇ ಎಂದು ಕೇಳಿದ ಪ್ರಸಂಗವನ್ನು ಬಾಬಾಸಾಹೇಬರು ಅಹಿಂಸೆಯ ಅಧ್ಯಾಯದಲ್ಲಿ ಎತ್ತಿಕೊಳ್ಳುತ್ತಾರೆ. ಶಾಂತಿಯ ಎಲ್ಲ ದಾರಿಗಳೂ ಮುಗಿದ ಮೇಲೆ ನ್ಯಾಯಕ್ಕಾಗಿ ಯುದ್ಧಕ್ಕೆ ಹೋದವನನ್ನು ಅಲ್ಲಿ ಬುದ್ಧರು ದೂಷಿಸುವುದಿಲ್ಲ. ಕೊಲ್ಲಬೇಕೆಂಬ ಇಚ್ಛೆ ಬೇರೆ, ಕೊಲ್ಲಲೇಬೇಕಾದ ಅಗತ್ಯ ಬೇರೆ ಎಂದು ಬಾಬಾಸಾಹೇಬರು ಗೆರೆ ಎಳೆಯುತ್ತಾರೆ. ಅಹಿಂಸೆ ಅವರಿಗೆ ತತ್ವ, ನಿಯಮವಲ್ಲ. ನಿಯಮ ಕೈ ಕಟ್ಟುತ್ತದೆ, ತತ್ವ ನೀನೇ ಯೋಚಿಸು ಎನ್ನುತ್ತದೆ.

ಇದು ಅವರಿಗೆ ಪುಸ್ತಕದ ಮಾತಷ್ಟೇ ಆಗಿರಲಿಲ್ಲ. 1941ರ ಜುಲೈನಲ್ಲಿ ಅವರು ವೈಸ್‌ರಾಯ್‌ರ ರಾಷ್ಟ್ರೀಯ ರಕ್ಷಣಾ ಮಂಡಳಿಗೆ ನೇಮಕವಾಗಿದ್ದರು. ಅದೇ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ನಮ್ಮ ಬೆಳಗಾವಿಯಲ್ಲೇ ಕಟ್ಟಲ್ಪಟ್ಟಿತು. ಪರ್ಲ್ ಹಾರ್ಬರ್‌ಗೆ ಎರಡು ತಿಂಗಳು ಮೊದಲು. ಆದ್ದರಿಂದ ನಮ್ಮ ಗೆಳೆಯರ ಪ್ರಶ್ನೆಯ ಮೊದಲರ್ಧಕ್ಕೆ ನನ್ನ ಉತ್ತರ ನೇರ: ಇಲ್ಲ, ಕಣ್ಣು ಮುಚ್ಚಿ ಕೂರಬೇಕಿಲ್ಲ. ಡಿಸೆಂಬರ್ 8ರಂದು ರೂಸ್‌ವೆಲ್ಟ್ ಮಾಡಿದ್ದು ಅಗತ್ಯದ ಕಡೆಗೇ ಸೇರುತ್ತದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಸಂಯುತ್ತ ನಿಕಾಯದ ಸಲ್ಲತ್ಥ ಸುತ್ತ ನಿಮ್ಮಲ್ಲಿ ಹಲವರಿಗೆ ಗೊತ್ತು. ಒಬ್ಬನಿಗೆ ಬಾಣ ತಾಗುತ್ತದೆ. ನೋವು ನಿಜ, ಜ್ಞಾನಿಗೂ ನೋಯುತ್ತದೆ, ಅಜ್ಞಾನಿಗೂ ನೋಯುತ್ತದೆ. ಆದರೆ ಅಜ್ಞಾನಿ ಆ ನೋವಿನ ಮೇಲೆ ಗೋಳಾಟ, ದ್ವೇಷ, ಭಯ ಎಂಬ ಇನ್ನೊಂದು ಬಾಣವನ್ನು ತಾನೇ ಹೊಡೆದುಕೊಳ್ಳುತ್ತಾನೆ. ಧ್ಯಾನ ಶಿಬಿರಗಳಲ್ಲಿ ಇದನ್ನು ಬಹಳ ಹೇಳುತ್ತಾರೆ, ಆಫೀಸಿನ ಟೆನ್ಷನ್ನಿಗೆ, ಮನೆಯ ಜಗಳಕ್ಕೆ ಮದ್ದು ಎಂಬಂತೆ. ಅದು ಸರಿಯೇ. ಆದರೆ ಬಾಣ ತಾಗಿದವನು ಸಾಮಾನ್ಯ ಮನುಷ್ಯನಾಗಿರದೆ ರಾಜನಾಗಿದ್ದರೆ? ನನ್ನ ಎರಡನೆಯ ಬಾಣ ನನ್ನ ಎದೆಗೇ ತಾಗುತ್ತದೆ, ಹೆಚ್ಚೆಂದರೆ ಮನೆಯವರಿಗೆ ತಾಗುತ್ತದೆ. ಅಧಿಕಾರ ಇರುವವನ ಎರಡನೆಯ ಬಾಣ ಅವನ ಮೈಗೆ ತಾಗುವುದೇ ಇಲ್ಲ. ಇನ್ನ್ಯಾರದೋ ಮೈ ಹುಡುಕಿಕೊಂಡು ಹೋಗುತ್ತದೆ.

ದಾಳಿಯಾಗಿ 74 ದಿನಗಳ ಮೇಲೆ, 1942ರ ಫೆಬ್ರವರಿ 19ರಂದು, ರೂಸ್‌ವೆಲ್ಟ್ 9066ನೇ ಕಾರ್ಯಾಂಗ ಆದೇಶಕ್ಕೆ ಸಹಿ ಹಾಕಿದರು. ಸೇನಾಧಿಕಾರಿಗಳು ತಮಗೆ ಬೇಕೆನಿಸಿದ ಪ್ರದೇಶವನ್ನು ಗುರುತಿಸಿ ಅಲ್ಲಿಂದ ಯಾರನ್ನು ಬೇಕಾದರೂ ಹೊರಹಾಕಬಹುದು ಎಂಬ ಆದೇಶ. ಅದರಲ್ಲಿ ಜಪಾನೀಯರು ಎಂಬ ಪದವೇ ಇಲ್ಲ. ಓದಿದರೆ ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಕಾನೂನಿನಂತೆ ಕಾಣುತ್ತದೆ. ಜಾತಿಯ ಹೆಸರೆತ್ತದೆ ಜಾತಿ ಮಾಡುವ ಬರಹಗಳನ್ನು ನಾವು ಸಾಕಷ್ಟು ನೋಡಿದ್ದೇವೆ, ಇದರ ಜಾಣತನ ನಮಗೆ ಬೇಗ ಅರ್ಥವಾಗುತ್ತದೆ.

ಪಶ್ಚಿಮ ಕರಾವಳಿಯ ಕ್ಯಾಲಿಫೋರ್ನಿಯಾ, ಒರೆಗಾನ್, ವಾಷಿಂಗ್ಟನ್ ಕಡೆ ಇದ್ದ ಜಪಾನೀ ಮೂಲದವರನ್ನು ಮನೆಗಳಿಂದ ಎಬ್ಬಿಸಿದರು. ಒಟ್ಟು ಸುಮಾರು 1,20,000 ಜನ. ಅವರಲ್ಲಿ ಮೂರನೇ ಎರಡು ಭಾಗ ಅಮೆರಿಕದಲ್ಲೇ ಹುಟ್ಟಿದ, ಅಮೆರಿಕದ ಪೌರರು. ಕೈಯಲ್ಲಿ ಹೊರುವಷ್ಟು ಸಾಮಾನು ಮಾತ್ರ ತರಬಹುದು. ಒಂದೊಂದು ಕುಟುಂಬಕ್ಕೆ ಒಂದೊಂದು ನಂಬರು, ಆ ನಂಬರಿನ ಚೀಟಿ ಪೆಟ್ಟಿಗೆಗೂ ಕಟ್ಟಿದರು, ಮಕ್ಕಳ ಕೋಟಿಗೂ ಕಟ್ಟಿದರು. ಶಿಬಿರಗಳು ಸಿದ್ಧವಾಗುವವರೆಗೆ ಸಾಂತಾ ಅನಿಟಾ, ಟಾನ್‌ಫೊರಾನ್ ಎಂಬ ಕುದುರೆ ರೇಸಿನ ಮೈದಾನಗಳಲ್ಲಿ ಕುದುರೆ ಲಾಯಗಳಲ್ಲೇ ಸಂಸಾರಗಳನ್ನು ಇಟ್ಟರು. ಆಮೇಲೆ ಮರುಭೂಮಿಗಳಲ್ಲಿ, ಜೌಗು ನೆಲಗಳಲ್ಲಿ ಮುಳ್ಳುತಂತಿ ಹಾಕಿದ ಹತ್ತು ಶಿಬಿರಗಳು. ಅನಾಥಾಲಯದ ಮಕ್ಕಳನ್ನೂ ಬಿಡಲಿಲ್ಲ. ಮಂಜಾನಾರ್ ಶಿಬಿರದಲ್ಲಿ ಅಂಥ ನೂರೊಂದು ಮಕ್ಕಳಿಗೆಂದೇ ಬೇರೆ ಕಟ್ಟಡ ಕಟ್ಟಿದರು. ಅಪ್ಪ ಅಮ್ಮ ಯಾರೆಂದೇ ತಿಳಿಯದ ಮಗು ಜಪಾನಿನ ಚಕ್ರವರ್ತಿಗೆ ಯಾವ ಗುಟ್ಟು ಮುಟ್ಟಿಸುತ್ತದೆ?

ಮಾಡಿದ ಕೆಲಸದಿಂದಲ್ಲ, ಹುಟ್ಟಿದ ಹೊಟ್ಟೆಯಿಂದ ತಪ್ಪಿತಸ್ಥರು. ವಸಲ ಸುತ್ತದಲ್ಲಿ ಭಗವಾನರು ಅಗ್ಗಿಕ ಭಾರದ್ವಾಜನೆದುರು ನಿಂತು ತಳ್ಳಿಹಾಕಿದ್ದು ಇದನ್ನೇ. ಬ್ರಿಟಿಷರ ಕಾಲದ 1871ರ ಅಪರಾಧಿ ಬುಡಕಟ್ಟು ಕಾಯ್ದೆ ಇಡೀ ಇಡೀ ಸಮುದಾಯಗಳನ್ನು ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿದ್ದೂ ಇದೇ ಲೆಕ್ಕದಲ್ಲಿ. ಕಾಯ್ದೆ ಹೋಗಿ ಎಷ್ಟೋ ಕಾಲವಾದ ಮೇಲೆ ಹುಟ್ಟಿದವರು ನಾವು. ಆದರೂ ನನ್ನ ಬಾಲ್ಯದಲ್ಲಿ ಊರೊಳಗೆ ಏನಾದರೂ ಕಳುವಾದರೆ ಲಾಠಿ ಮೊದಲು ಬರುತ್ತಿದ್ದದ್ದು ನಮ್ಮ ಕೇರಿಗೇ. ಕದ್ದವನು ಯಾರೆಂದು ಆಮೇಲೆ ತಿಳಿಯುತ್ತಿತ್ತು, ಕೆಲವು ಸಲ ತಿಳಿಯುತ್ತಲೂ ಇರಲಿಲ್ಲ. ಪೆಟ್ಟು ಮಾತ್ರ ಬಿದ್ದಾಗಿರುತ್ತಿತ್ತು.

ಈಗ ಚೇತನಾ, ಅಂದರೆ ಸಂಕಲ್ಪದ ವಿಷಯಕ್ಕೆ ಬರೋಣ, ಏಕೆಂದರೆ ನಮ್ಮ ಧಮ್ಮದಲ್ಲಿ ಕಮ್ಮದ ತೂಕ ಇರುವುದು ಅಲ್ಲೇ. ರೂಸ್‌ವೆಲ್ಟ್ ಕೋಪದಲ್ಲಿ ಇದನ್ನು ಮಾಡಿದರು ಎಂದು ಕ್ಷಮಿಸುವವರಿದ್ದಾರೆ. ಭಯವಿತ್ತು ನಿಜ, ನಾಲ್ಕೇ ದಿನ ಮೊದಲು ಸಿಂಗಪುರ ಜಪಾನೀಯರ ಕೈಗೆ ಬಿದ್ದಿತ್ತು. ಆದರೆ ದಾಖಲೆಗಳನ್ನು ನೋಡಿದರೆ ಕೋಪ ಕಾಣುವುದಿಲ್ಲ. ಕೋಪವಿದ್ದ ದಿನ, ಅಂದರೆ ಡಿಸೆಂಬರ್ 8ರಂದು, ಅವರು ಅಳತೆ ಮೀರದೆ ಮಾತಾಡಿದರು. ಅನ್ಯಾಯ ನಡೆದದ್ದು ತಣ್ಣಗಾದ ಮೇಲೆ. ದಾಳಿಗೆ ಮುಂಚೆಯೇ ಅವರು ಕರ್ಟಿಸ್ ಮುನ್ಸನ್ ಎಂಬುವರಿಂದ ಗುಟ್ಟಾಗಿ ವರದಿ ತರಿಸಿಕೊಂಡಿದ್ದರು, ಈ ಜನ ಬಹುಪಾಲು ನಿಷ್ಠರು ಎಂದು ಅದು ಹೇಳಿತ್ತು. ಕಾನೂನು ಮಂತ್ರಿ ಫ್ರಾನ್ಸಿಸ್ ಬಿಡ್ಲ್ ಬೇಡ ಎಂದಿದ್ದರು. ಎಫ್‌ಬಿಐ ಮುಖ್ಯಸ್ಥ ಹೂವರ್, ಕರುಣೆಗೆ ಹೆಸರಾದವರೇನೂ ಅಲ್ಲ, ಅವರೂ ಇದರ ಅಗತ್ಯವಿಲ್ಲ ಎಂದಿದ್ದರು. ಯುದ್ಧಮಂತ್ರಿ ಸ್ಟಿಮ್ಸನ್ ಈ ಬಗ್ಗೆ ಮಾತಾಡಲು ಸಮಯ ಕೇಳಿದಾಗ ಅಧ್ಯಕ್ಷರಿಗೆ ಬಿಡುವಿರಲಿಲ್ಲ. ಫೋನಿನಲ್ಲೇ ಮುಗಿಯಿತು. ನಿಮಗೆ ಸರಿ ಕಂಡದ್ದನ್ನು ಮಾಡಿ, ಆದಷ್ಟು ವಿವೇಕದಿಂದ ಮಾಡಿ, ಇಷ್ಟೇ ಅವರ ಮಾತಿನ ಸಾರ. ಲಕ್ಷ ಜನರ ಮನೆ ಹೋಗುವ ತೀರ್ಮಾನಕ್ಕೆ ಒಂದು ಫೋನು ಕರೆ.

ಕರಾವಳಿಯ ಸೇನಾಧಿಕಾರಿ ಜನರಲ್ ಡಿವಿಟ್ ಕೊಟ್ಟ ವಾದ ಕೇಳಿ. ಇಲ್ಲಿಯವರೆಗೆ ಇವರು ಯಾವ ವಿಧ್ವಂಸಕ ಕೆಲಸವನ್ನೂ ಮಾಡಿಲ್ಲ, ಇದೇ ಅನುಮಾನಕ್ಕೆ ಕಾರಣ, ಮುಂದೆ ಮಾಡುತ್ತಾರೆ ಎಂಬುದಕ್ಕೆ ಇದೇ ಸೂಚನೆ! ಮಾಡಿದರೂ ಅಪರಾಧಿ, ಮಾಡದಿದ್ದರೂ ಅಪರಾಧಿ. ಯುದ್ಧ ಮುಗಿದು ದಶಕಗಳಾದ ಮೇಲೆ ಅಮೆರಿಕದ ಸಂಸತ್ತೇ ನೇಮಿಸಿದ ಆಯೋಗ ಎಲ್ಲವನ್ನೂ ತಡಕಿ ನೋಡಿತು. ಪಶ್ಚಿಮ ಕರಾವಳಿಯಲ್ಲಿ ಜಪಾನೀ ಮೂಲದ ಪೌರರು ನಡೆಸಿದ ಒಂದೇ ಒಂದು ಬೇಹುಗಾರಿಕೆಯ ದಾಖಲೆಯೂ ಸಿಗಲಿಲ್ಲ.

ಇನ್ನೊಂದು ಸಂಗತಿ ಇದೆ. ಅದು ಗೊತ್ತಾದ ಮೇಲೆ ಭಯದ ನೆಪವೂ ಉಳಿಯಲಿಲ್ಲ ನನಗೆ. ಬಾಂಬು ಬಿದ್ದದ್ದು ಹವಾಯಿಯಲ್ಲಿ. ಅಲ್ಲಿ ಜನಸಂಖ್ಯೆಯ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಜಪಾನೀ ಮೂಲದವರು. ಅಪಾಯವೆಂದರೆ ಅಲ್ಲೇ ಹೆಚ್ಚು ಇರಬೇಕಿತ್ತು ತಾನೇ? ಸೇನಾ ಆಡಳಿತ ಹೇರಿದರು, ನಿಜ. ಆದರೆ ಸಾಮೂಹಿಕವಾಗಿ ಎಬ್ಬಿಸಲಿಲ್ಲ, ಬಂಧಿಸಿಟ್ಟದ್ದು ಎರಡು ಸಾವಿರಕ್ಕಿಂತ ಕಡಿಮೆ ಜನರನ್ನು. ಏಕೆಂದರೆ ಅವರನ್ನು ತೆಗೆದರೆ ದ್ವೀಪದ ಕೆಲಸವೇ ನಿಂತುಹೋಗುತ್ತಿತ್ತು, ಕೂಲಿಗೆ ಕೈಗಳು ಬೇಕಿದ್ದವು. ಅಲ್ಲಿನ ಸೇನಾಧಿಕಾರಿ ಜನರಲ್ ಎಮನ್ಸ್ ಕೂಡ ಒತ್ತಾಯಗಳನ್ನು ತಡೆದು ನಿಂತರು. ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕ ತಿರುಗುಮುರುಗು. ಜಪಾನೀ ರೈತರು ಚೆನ್ನಾಗಿ ತರಕಾರಿ ಬೆಳೆಯುತ್ತಿದ್ದರು, ಅವರ ಜಮೀನಿನ ಮೇಲೆ ಕಣ್ಣಿಟ್ಟ ಬಿಳಿಯ ಬೆಳೆಗಾರರ ಸಂಘಗಳು ಅವರನ್ನು ಓಡಿಸಿ ಎಂದು ಮೊದಲಿನಿಂದ ಕೂಗುತ್ತಿದ್ದವು. ದ್ವೇಷ ಮುಂದೆ ನಿಂತು ಬಾವುಟ ಹಿಡಿದಿತ್ತು, ಹಿಂದೆ ಲೋಭ ಹೊಲ ಅಳೆಯುತ್ತಿತ್ತು.

ಕೊನೆಗೆ 1944. ಯುದ್ಧದ ಗತಿ ತಿರುಗಿತ್ತು. ಶಿಬಿರಗಳನ್ನು ಮುಚ್ಚಬಹುದು ಎಂದು ರೂಸ್‌ವೆಲ್ಟ್‌ರ ಸ್ವಂತ ಮಂತ್ರಿಗಳೇ ಆ ವರ್ಷದ ನಡುವಿನ ಹೊತ್ತಿಗೆ ಹೇಳುತ್ತಿದ್ದರು. ನವೆಂಬರ್‌ನಲ್ಲಿ ಚುನಾವಣೆ ಇತ್ತು. ಅದು ಮುಗಿಯುವವರೆಗೆ ಅವರು ಮುಂದೂಡಿದರು. ಗೆದ್ದರು, ಆಮೇಲೆ ಡಿಸೆಂಬರ್‌ನಲ್ಲಿ ಬಾಗಿಲು ತೆಗೆಸಿದರು. ಇಲ್ಲಿ ಕೋಪವೂ ಇಲ್ಲ, ಭಯವೂ ಇಲ್ಲ. ಬಡವರಿಗೆ ಕೆಲಸ ಕೊಡಿಸಿದ, ಮುದುಕರಿಗೆ ಪಿಂಚಣಿ ತಂದ, ಹಿಟ್ಲರ್‌ನ ವಿರುದ್ಧ ನಿಂತ ದೊಡ್ಡ ಮನುಷ್ಯ ಅವರು, ಇದನ್ನು ನಾನು ಮರೆತಿಲ್ಲ. ಆದರೆ ಆ ಆರು ತಿಂಗಳು ಮುಳ್ಳುತಂತಿಯೊಳಗೆ ಹುಟ್ಟಿದ ಕೂಸುಗಳ ಎದುರು ಆ ದೊಡ್ಡಸ್ತಿಕೆಯನ್ನು ಹೇಗೆ ತೂಗುವುದು ಎಂದು ನನಗೆ ತೋಚುವುದಿಲ್ಲ.

ಆ ಶಿಬಿರಗಳಲ್ಲಿ ಇದ್ದವರಲ್ಲಿ ಹೆಚ್ಚಿನವರು ಬೌದ್ಧರು. ಹಾಗಾಗಿ ಇದು ನಮ್ಮ ಕಥೆಯೂ ಹೌದು. ಭಿಕ್ಷುಗಳ ಮತ್ತು ಪುರೋಹಿತರ ಹೆಸರುಗಳು ಯುದ್ಧಕ್ಕೆ ಮೊದಲೇ ಪೊಲೀಸರ ಪಟ್ಟಿಯಲ್ಲಿದ್ದವು, ದಾಳಿ ನಡೆದ ದಿನವೇ ಬಂಧನ ಶುರುವಾಯಿತು. ಮನೆಯಲ್ಲಿ ಜಪಾನೀ ಲಿಪಿಯ ಸುತ್ತಗಳು ಸಿಕ್ಕರೆ ಕಷ್ಟವೆಂದು ಎಷ್ಟೋ ಕುಟುಂಬಗಳು ತಾವೇ ಕೈಯಾರೆ ಸುಟ್ಟವು, ಇಲ್ಲವೇ ಹಿತ್ತಲಲ್ಲಿ ಹೂತವು. ಶಿಬಿರದ ಊಟದ ಕೋಣೆಗಳಲ್ಲೇ ಬುದ್ಧವಂದನೆ ನಡೆಯಿತು. ಅದೇ ಶಿಬಿರಗಳಿಂದ ಹುಡುಗರು ಸೇನೆಗೆ ಸೇರಿದರು. ಅವರಿದ್ದ 442ನೇ ರೆಜಿಮೆಂಟ್ ಯುರೋಪಿನಲ್ಲಿ ಕಾದಾಡಿ ಪದಕಗಳ ರಾಶಿ ಗಳಿಸಿತು. ಆದರೆ ಸೈನಿಕರ ಕೊರಳಿನ ಬಿಲ್ಲೆಯ ಮೇಲೆ ಧರ್ಮಕ್ಕೆ ಒಂದು ಅಕ್ಷರ ಕೆತ್ತುತ್ತಿದ್ದರಲ್ಲ, ಅದರಲ್ಲಿ ಪ್ರಾಟೆಸ್ಟೆಂಟರಿಗೆ, ಕ್ಯಾಥೊಲಿಕರಿಗೆ, ಯಹೂದಿಗಳಿಗೆ ಮಾತ್ರ ಅಕ್ಷರವಿತ್ತು. ಬೌದ್ಧರಿಗೆ ಇರಲಿಲ್ಲ. ಜನಗಣತಿಯವರು ಬಂದಾಗ ಧರ್ಮದ ಕಾಲಂನಲ್ಲಿ 'ಬೌದ್ಧ' ಎಂದೇ ಬರೆಯಿರಿ ಎಂದು ಹಟ ಹಿಡಿದ ನಮ್ಮ ಹಿರಿಯರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಹೇಳಿದ ಮೇಲೆ ಕಹಿಯನ್ನೂ ಹೇಳಬೇಕು. ಬಾಂಬು ಹಾಕಿದ ದೇಶದಲ್ಲಿಯೂ ಬೌದ್ಧರಿದ್ದರು. ಜಪಾನಿನ ಬೌದ್ಧ ಸಂಸ್ಥೆಗಳು ಬಹುಪಾಲು ಯುದ್ಧದ ಪರ ನಿಂತವು, ಝೆನ್ ಗುರುಗಳು ಸೈನಿಕರಿಗೆ ನಿರ್ಭಯವಾಗಿ ಕೊಲ್ಲುವುದನ್ನು ಧ್ಯಾನದ ಮಾತುಗಳಲ್ಲೇ ಬೋಧಿಸಿದರು. ಸೋತೊ ಝೆನ್ ಪಂಥ ಇದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪ ಹೇಳಿದ್ದು 1992ರಲ್ಲಿ. ಬುದ್ಧನ ಹೆಸರು ಹೇಳಿದ ಮಾತ್ರಕ್ಕೆ ಕೈ ಶುದ್ಧವಾಗುವುದಿಲ್ಲ. ನಮ್ಮ ಕಾಲದಲ್ಲಿ ಮ್ಯಾನ್ಮಾರಿನಲ್ಲಿ ನೋಡಿದ್ದೂ ಅದೇ.

ಹಾಗಾದರೆ ನಾಯಕನ ಎರಡನೆಯ ಬಾಣವನ್ನು ತಡೆಯುವುದು ಹೇಗೆ? ಅವನ ಮನಸ್ಸಿನ ಶುದ್ಧಿಯೊಂದನ್ನೇ ನಂಬುವುದು ನನಗೆ ಸಾಲದು ಅನ್ನಿಸುತ್ತದೆ. ಬಾಬಾಸಾಹೇಬರೂ ನಂಬಲಿಲ್ಲ. ನಮ್ಮ ಸಂವಿಧಾನದ 22ನೇ ವಿಧಿಯಲ್ಲಿ ಮುನ್ನೆಚ್ಚರಿಕೆಯ ಬಂಧನಕ್ಕೆ ಅವಕಾಶವಿದೆ, ಇದಕ್ಕಾಗಿ ಸಂವಿಧಾನ ಸಭೆಯಲ್ಲಿ ಅವರು ಕಟು ಟೀಕೆ ಕೇಳಿದರು. ಆ ಟೀಕೆಯಲ್ಲಿ ಹುರುಳಿಲ್ಲದೇ ಇಲ್ಲ, ಆ ಅವಕಾಶದ ದುರುಪಯೋಗವನ್ನು ನಮ್ಮವರೇ ಅನುಭವಿಸಿದ್ದಾರೆ. ಆದರೆ ಅದೇ ವಿಧಿಯೊಳಗೆ, ಬಂಧಿಸಿದ ಮನುಷ್ಯನಿಗೆ ಕಾರಣ ತಿಳಿಸಬೇಕು, ಆತ ಅದನ್ನು ಪ್ರಶ್ನಿಸಿ ಮನವಿ ಕೊಡಲು ಆದಷ್ಟು ಬೇಗ ಅವಕಾಶ ಮಾಡಿಕೊಡಬೇಕು ಎಂಬ ಮಾತೂ ಇದೆ. 'ಆ ಮನುಷ್ಯನಿಗೆ', ಆ ಜನಕ್ಕೆ ಅಲ್ಲ. ಅಮೆರಿಕದ ಆ ಲಕ್ಷ ಜನರಿಗೆ ಒಬ್ಬೊಬ್ಬರಾಗಿ ಇಷ್ಟನ್ನು ಕೇಳಿದ್ದರೆ ಸಾಕಿತ್ತು: ನೀನು ಏನು ಮಾಡಿದೆ? ಎಬ್ಬಿಸುವ ಮುನ್ನ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಫ್ರೆಡ್ ಕೊರೆಮಾತ್ಸು ಎಂಬ ತರುಣ ಮನೆ ಬಿಡಲು ಒಪ್ಪದೆ ಸುಪ್ರೀಂ ಕೋರ್ಟಿನವರೆಗೆ ಹೋದಾಗ ಅಲ್ಲಿಯೂ ಆರು ನ್ಯಾಯಮೂರ್ತಿಗಳು ಸರ್ಕಾರದ ಕಡೆ, ಮೂವರು ಮಾತ್ರ ಅವರ ಕಡೆ. ಕಾನೂನು ಬರೆದಿದ್ದರೂ ಎತ್ತಿ ಹಿಡಿಯುವ ಕೈ ಬೇಕು.

ಅಂಥ ಒಂದು ಕೈ ಮಿತ್ಸುಯೆ ಎಂಡೊ ಅವರದು. ಕ್ಯಾಲಿಫೋರ್ನಿಯಾ ಸರ್ಕಾರದ ಕಚೇರಿಯಲ್ಲಿ ಕೆಲಸಕ್ಕಿದ್ದ ಇಪ್ಪತ್ತೆರಡರ ಹೆಣ್ಣುಮಗಳು. ಅಣ್ಣ ಅಮೆರಿಕದ ಸೇನೆಯಲ್ಲಿದ್ದ. ಆಕೆಯ ಪರವಾಗಿ ವಕೀಲರು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಈ ಮೊಕದ್ದಮೆ ಗೆದ್ದರೆ ಶಿಬಿರಗಳ ಬುಡವೇ ಅಲುಗಾಡುತ್ತದೆ ಎಂದು ಸರ್ಕಾರಕ್ಕೆ ಗೊತ್ತಾಯಿತು. ಕರಾವಳಿಗೆ ಹಿಂತಿರುಗುವುದಿಲ್ಲ ಎಂದರೆ ನಿನ್ನನ್ನು ಈಗಲೇ ಬಿಡುತ್ತೇವೆ ಎಂದರು. ಆಕೆ ಹೊರಗೆ ಹೋಗಿದ್ದರೆ ಮೊಕದ್ದಮೆ ಅಲ್ಲಿಗೇ ಬಿದ್ದುಹೋಗುತ್ತಿತ್ತು, ಒಳಗಿದ್ದ ಸಾವಿರಾರು ಜನರ ದಾರಿ ಮುಚ್ಚುತ್ತಿತ್ತು. ಆಕೆ ಹೋಗಲಿಲ್ಲ. ತೀರ್ಪು ಬರುವವರೆಗೂ ಮುಳ್ಳುತಂತಿಯೊಳಗೇ ಉಳಿದರು. 1944ರ ಡಿಸೆಂಬರ್ 18, ಕೊರೆಮಾತ್ಸು ಸೋತ ಅದೇ ದಿನ, ಅದೇ ಕೋರ್ಟು ಎಂಡೊ ಅವರ ಮೊಕದ್ದಮೆಯಲ್ಲಿ ಒಮ್ಮತದಿಂದ ಹೇಳಿತು: ನಿಷ್ಠಾವಂತ ಪೌರರನ್ನು ಹೀಗೆ ಹಿಡಿದಿಡಲು ಸರ್ಕಾರಕ್ಕೆ ಅಧಿಕಾರವಿಲ್ಲ.

1988ರಲ್ಲಿ ಅಮೆರಿಕ ಸರ್ಕಾರ ಕಾನೂನಿನ ಮೂಲಕ ಕ್ಷಮೆ ಕೇಳಿ, ಬದುಕುಳಿದ ಒಬ್ಬೊಬ್ಬರಿಗೂ 20,000 ಡಾಲರ್ ಕೊಟ್ಟಿತು. ರೂಸ್‌ವೆಲ್ಟ್ 1945ರಲ್ಲೇ ತೀರಿಕೊಂಡಿದ್ದರು.

ವಯೋಮಿಂಗ್ ರಾಜ್ಯದ ಹಾರ್ಟ್ ಮೌಂಟನ್ ಶಿಬಿರ ಮುಚ್ಚಿದ ಮೇಲೆ, ಅಲ್ಲಿನ ಸ್ಮಶಾನದ ನೆಲದಲ್ಲಿ ಹೂತಿದ್ದ ಒಂದು ಡ್ರಮ್ ಸಿಕ್ಕಿತು. ಒಳಗೆ ರಾಶಿ ರಾಶಿ ಸಣ್ಣ ಕಲ್ಲುಗಳು, ಒಂದೊಂದರ ಮೇಲೆ ಮಸಿಯಲ್ಲಿ ಬರೆದ ಒಂದೇ ಒಂದು ಅಕ್ಷರ. ಅವು ಏನೆಂದು ಬಹಳ ಕಾಲ ಯಾರಿಗೂ ತಿಳಿಯಲಿಲ್ಲ. ಕೊನೆಗೆ ವಿದ್ವಾಂಸರು ಜೋಡಿಸಿ ನೋಡಿದರು, ಸದ್ಧರ್ಮಪುಂಡರೀಕ ಸೂತ್ರದ ಅಕ್ಷರಗಳು. ಪುಸ್ತಕಗಳನ್ನು ಸುಡಬೇಕಾಗಿ ಬಂದ ಜನರ ನಡುವೆ ಯಾರೋ ಒಬ್ಬರು ಶಿಬಿರದ ಕಲ್ಲುಗಳನ್ನು ಆಯ್ದು, ತೊಳೆದು, ಒಂದೊಂದೇ ಅಕ್ಷರ ಬರೆದು ಇಟ್ಟಿದ್ದರು.

ಬರುವ ಭಾನುವಾರದ ಅಧ್ಯಯನಕ್ಕೆ ವಸಲ ಸುತ್ತ ಮತ್ತು 'ಬುದ್ಧ ಮತ್ತು ಅವನ ಧಮ್ಮ'ದ ಅಹಿಂಸೆಯ ಭಾಗ ಓದಿಕೊಂಡು ಬನ್ನಿ. ಪ್ರಶ್ನೆ ಕೇಳಿದ ಗೆಳೆಯರು ತಪ್ಪದೇ ಬರಬೇಕು, ಜಗಳ ಬಾಕಿ ಇದೆ.

ಭವತು ಸಬ್ಬ ಮಂಗಲಂ. ಜೈ ಭೀಮ್.